ಪಿಎಚ್ ಪೆನ್ನೋ, ಹನಿ ಕಿಟ್ಟೋ, ಲ್ಯಾಬ್ ಮೀಟರೋ? ನಮ್ಮ ಬಿಸಿಲಿಗೆ, ನಮ್ಮ ಬೋರಿನ ನೀರಿಗೆ ಹೊಂದುವ ಆಯ್ಕೆ

ಮಣ್ಣಿಲ್ಲದೆ ಸೊಪ್ಪು ಬೆಳೆಯಲು ಹೊರಟವರು ಮೊದಲು ಪೈಪು, ಪಂಪು, ಬೀಜ ಎಲ್ಲ ಜೋಡಿಸಿಕೊಳ್ಳುತ್ತಾರೆ. ಮೀಟರಿನ ಮಾತು ಬರುವುದು ಎಲೆ ಹಳದಿಯಾದ ಮೇಲೆ. ಆಗ ಫೋನ್ ತೆಗೆದು ಹುಡುಕಿದರೆ ಮುನ್ನೂರು ರೂಪಾಯಿಯ ಪೆನ್ನೂ ಕಾಣುತ್ತದೆ, ಹದಿನೈದು ಸಾವಿರದ್ದೂ ಕಾಣುತ್ತದೆ. ಎರಡರ ಫೋಟೋದಲ್ಲೂ ಚೆಂದದ ಒಂದು ಅಂಕಿ. ಯಾವುದು ತಗೊಳ್ಳಲಿ ಅಂತ ಕಲಬುರಗಿ, ಬೀದರ್ ಕಡೆಯ ಓದುಗರು ಕೇಳುತ್ತಲೇ ಇರುತ್ತಾರೆ. ಶಹಾಪುರ ಕಡೆಯಿಂದ ಹಸುಗಳಿಗೆ ಮೇವು ಬೆಳೆಯುವವರೂ ಕೇಳಿದ್ದಾರೆ. ಅವರಿಗೆ ಕೊಡುವ ಉತ್ತರ ಬೇರೆ, ಕೊನೆಯ ಕಡೆಗೆ ಹೇಳುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೀಟರನ್ನು ಬೆಲೆ ನೋಡಿ ಆರಿಸಬೇಡಿ. ತಂದ ಮೇಲೆ ಅದನ್ನು ನೀವು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀರಿ ಅನ್ನುವುದನ್ನು ನೋಡಿ ಆರಿಸಿ. ಹತ್ತು ಸಾವಿರದ ಪಿಎಚ್ ಪೆನ್ನಿನ ತುದಿಯ ಗಾಜು ಒಣಗಿ ಕೂತರೆ ಅದು ಹನಿ ಬಿಟ್ಟು ಬಣ್ಣ ನೋಡುವ ಇನ್ನೂರು ರೂಪಾಯಿಯ ಹನಿ ಕಿಟ್ಟಿಗಿಂತ ಕೀಳು. ಕಿಟ್ ಕೊನೇಪಕ್ಷ ಸುಳ್ಳು ಹೇಳುವುದಿಲ್ಲ, ಸ್ವಲ್ಪ ಮಬ್ಬಾಗಿ ಹೇಳುತ್ತದೆ ಅಷ್ಟೇ.

ಅಳೆಯಬೇಕಾದದ್ದು ಎರಡು

ಒಂದು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರ. ಹೈಡ್ರೋಪೋನಿಕ್ಸ್‌ನಲ್ಲಿ, ಅಂದರೆ ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲಿ ಬೆಳೆಯುವಾಗ, ಇದು 5.5ರಿಂದ 6.5ರೊಳಗೆ ಇರಬೇಕು. 7 ದಾಟಿದರೆ ಗೊಬ್ಬರದಲ್ಲಿರುವ ಕಬ್ಬಿಣ ಗಿಡಕ್ಕೆ ಸಿಗುವುದಿಲ್ಲ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಇನ್ನಷ್ಟು ಸುರಿದರೂ ಅದು ಸರಿಹೋಗುವುದಿಲ್ಲ, ಪಿಎಚ್ ಇಳಿಸಬೇಕು.

ಇನ್ನೊಂದು ಇಸಿ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅದರ ಮೂಲಕ ಹರಿಯುವ ಕರೆಂಟಿನಿಂದ ತಿಳಿಯುವ ಲೆಕ್ಕ. ಲೆಟ್ಯೂಸಿಗೆ ಸುಮಾರು 0.8ರಿಂದ 1.2 ಮಿಲಿಸೀಮೆನ್ಸ್ ಸಾಕು, ಪಾಲಕಿಗೆ 2ರ ಆಸುಪಾಸು, ಟೊಮ್ಯಾಟೊಗೆ ಇನ್ನೂ ಜಾಸ್ತಿ. ಆರ್‌ಒ ಫಿಲ್ಟರ್ ಮಾರಲು ಮನೆಗೆ ಬರುವವರು ಲೋಟದಲ್ಲಿ ಅದ್ದಿ ತೋರಿಸುವ ಟಿಡಿಎಸ್ ಪೆನ್ ಕೂಡ ಅಳೆಯುವುದು ಇಸಿಯನ್ನೇ. ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ ಪಿಪಿಎಂ (ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ) ಅಂತ ತೋರಿಸುತ್ತದೆ. ತಕರಾರು ಶುರುವಾಗುವುದು ಇಲ್ಲೇ. ಕೆಲವು ಪೆನ್ 0.5ರಿಂದ ಗುಣಿಸುತ್ತವೆ, ಕೆಲವು 0.7ರಿಂದ. ಅದೇ 1.4 ಇಸಿಯ ನೀರು ಒಂದರಲ್ಲಿ 700, ಇನ್ನೊಂದರಲ್ಲಿ 980. ಗೆಳೆಯರೊಬ್ಬರು "ನಾನು 900 ಇಡ್ತೀನಿ" ಅಂದರೆ ಅವರ ಪೆನ್ ಯಾವ ಲೆಕ್ಕದ್ದು ಅಂತ ಕೇಳದೆ ನಕಲು ಮಾಡಬೇಡಿ. ಸಾಧ್ಯವಾದರೆ ಇಸಿ ನೇರವಾಗಿ ತೋರಿಸುವ ಪೆನ್ನನ್ನೇ ಕೊಳ್ಳಿ, ಗಲಾಟೆ ಇರುವುದಿಲ್ಲ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ನಿಮ್ಮ ನೀರು. ಭೀಮಾ ಅಥವಾ ಬೆಣ್ಣೆತೊರಾದ ನಲ್ಲಿ ನೀರು ಬರುವ ಕಲಬುರಗಿಯ ಬಡಾವಣೆಗೂ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಸುಣ್ಣಕಲ್ಲಿನ ನೆಲದ ಬೋರಿಗೂ ಬಹಳ ವ್ಯತ್ಯಾಸ. ಬೋರಿನ ನೀರು ಸಾಮಾನ್ಯವಾಗಿ ಗಡಸು. ಕೊಡದೊಳಗೆ, ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟುತ್ತದೆ ಅಲ್ವಾ, ಅದೇ ಪದರ ಮೀಟರಿನ ಗಾಜಿನ ಮೇಲೂ ಕಟ್ಟುತ್ತದೆ. ಇಂಥ ನೀರಿನಲ್ಲಿ ಪಿಎಚ್ ಇಳಿಸಿದರೂ ಒಂದೆರಡು ದಿನದಲ್ಲಿ ಮತ್ತೆ ಏರುತ್ತದೆ, ಅದರೊಳಗಿನ ಬೈಕಾರ್ಬೊನೇಟ್ ಸುಮ್ನೆ ಬಿಡುವುದಿಲ್ಲ. ಅಂದರೆ ಬೋರಿನ ನೀರಿನವರು ಪಿಎಚ್ ಅನ್ನು ದಿನಾ ನೋಡಬೇಕು. ನಲ್ಲಿ ನೀರಿನವರಿಗೆ, ಆರ್‌ಒ ನೀರಿನವರಿಗೆ ಅಷ್ಟು ಕಾಟ ಇಲ್ಲ.

ಇಸಿಯಲ್ಲೂ ನೀರು ಕೈ ಕೊಡುತ್ತದೆ. ಬೋರಿನ ನೀರೇ 1.3 ಇಸಿ ಇದ್ದರೆ ಲೆಟ್ಯೂಸಿಗೆ ಗೊಬ್ಬರ ಹಾಕಲು ಜಾಗವೇ ಉಳಿಯಲಿಲ್ಲ. ಅರ್ಧ ಬೋರು, ಅರ್ಧ ಆರ್‌ಒ ಬೆರೆಸಿದರೆ ಸುಮಾರು 0.7ಕ್ಕೆ ಇಳಿಯುತ್ತದೆ. ಆಗ ಪಾಲಕು ಆರಾಮಾಗಿ ಬರುತ್ತದೆ, ಲೆಟ್ಯೂಸಿಗೆ ಮಾತ್ರ ಇನ್ನೂ ಬಿಗಿ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿದ ಕ್ಯಾನ್ ಇದಕ್ಕೆ ಸಾಕು. ಮೀಟರ್ ಲವಣದ ಮೊತ್ತ ಹೇಳುತ್ತದೆಯೇ ಹೊರತು ಅದು ಸುಣ್ಣವೋ, ಉಪ್ಪೋ, ಗೊಬ್ಬರವೋ ಹೇಳುವುದಿಲ್ಲ. ಅದು ತಿಳಿಯಬೇಕಾದರೆ ಬೋರಿನ ನೀರನ್ನು ಒಮ್ಮೆ ಲ್ಯಾಬಿಗೆ ಕೊಟ್ಟು ನೋಡಬೇಕು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿ. ಎಷ್ಟು ದುಬಾರಿ ಪೆನ್ ಕೊಂಡರೂ ಈ ಕೆಲಸ ಅದರಿಂದ ಆಗದು.

ಎರಡನೆಯದು ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 42, 43 ಡಿಗ್ರಿ ಮಾಮೂಲು. ಛತ್ತಿನ ಮೇಲಿನ ಟ್ಯಾಂಕಿನ ನೀರೇ 35 ದಾಟಿರುತ್ತದೆ. ನೀರು ಬಿಸಿಯಾದಷ್ಟೂ ಇಸಿ ಏರುತ್ತದೆ, ಒಂದು ಡಿಗ್ರಿಗೆ ಹೆಚ್ಚುಕಡಿಮೆ ಶೇಕಡ 2. ಲೆಕ್ಕ ಹಾಕಿ: 25 ಡಿಗ್ರಿಯಲ್ಲಿ 1.4 ತೋರಿಸುವ ನೀರು 38 ಡಿಗ್ರಿಯಲ್ಲಿ 1.76 ತೋರಿಸುತ್ತದೆ. ಗೊಬ್ಬರ ಜಾಸ್ತಿಯಾಯ್ತು ಅಂತ ನೀವು ನೀರು ಬೆರೆಸುತ್ತೀರಿ, ಗಿಡ ಹಸಿದು ಕೂರುತ್ತದೆ. ಹಾಗಾಗಿ ಇಸಿ ಅಥವಾ ಟಿಡಿಎಸ್ ಪೆನ್ನಿನಲ್ಲಿ ಎಟಿಸಿ, ಅಂದರೆ ಉಷ್ಣಾಂಶಕ್ಕೆ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ, ಇರಲೇಬೇಕು. ಪಿಎಚ್ ಪೆನ್ನಿಗೆ ಇದು ಅಷ್ಟೇನೂ ಮುಖ್ಯವಲ್ಲ. 6ರ ಆಸುಪಾಸಿನಲ್ಲಿ ಅಳೆಯುವಾಗ ಅಷ್ಟೇ ಬಿಸಿಗೆ ಆಗುವ ವ್ಯತ್ಯಾಸ 0.04ರಷ್ಟು. ಜಾಹೀರಾತಿನಲ್ಲಿ ಎಟಿಸಿ ಅಂತ ದಪ್ಪ ಅಕ್ಷರದಲ್ಲಿ ಬರೆದು ಪಿಎಚ್ ಪೆನ್ನಿಗೆ ಸಾವಿರ ರೂಪಾಯಿ ಜಾಸ್ತಿ ಕೇಳಿದರೆ ನಕ್ಕು ಮುಂದೆ ಹೋಗಿ.

ಮೂರನೆಯದು ನಿಮ್ಮ ಸ್ವಭಾವ. ಪಿಎಚ್ ಮೀಟರಿನ ತುದಿಯ ಗಾಜಿನ ಗುಂಡು ಯಾವಾಗಲೂ ಒದ್ದೆಯಾಗಿರಬೇಕು. ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡುವ ತಾಳ್ಮೆ ಇದೆಯೇ? ಊರಿಗೆ ಹೋದರೆ ಮನೆಯಲ್ಲಿ ಯಾರಾದರೂ ನೋಡುತ್ತಾರೆಯೇ? ಇದಕ್ಕೆ ನಿಜವಾದ ಉತ್ತರ ನಿಮಗೇ ಗೊತ್ತು.

ಕೊನೆಯದು, ಬಿಡಿ ಭಾಗ ಸಿಗುವುದು. ಬಫರ್ ದ್ರಾವಣ (ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರುವುದು, ಮೀಟರ್ ಹೊಂದಿಸಲು), ಸ್ಟೋರೇಜ್ ದ್ರಾವಣ (ಗಾಜನ್ನು ಒದ್ದೆ ಇಡಲು), ಹೊಸ ಎಲೆಕ್ಟ್ರೋಡ್ (ಗಾಜಿನ ಗುಂಡಿರುವ ಅಳೆಯುವ ತುದಿ) ಇವೆಲ್ಲ ಮನೆ ಬಾಗಿಲಿಗೆ ಆನ್‌ಲೈನ್‌ನಲ್ಲೇ ಬರಬೇಕಾದೀತು. ಕಾಲೇಜುಗಳಿಗೆ ಲ್ಯಾಬ್ ಸಾಮಾನು ಪೂರೈಸುವ ಅಂಗಡಿಯವರ ಪರಿಚಯ ಇದ್ದರೆ ಬಫರ್ ಕ್ಯಾಪ್ಸೂಲ್, ಗಾಜಿನ ಎಲೆಕ್ಟ್ರೋಡ್ ಅವರ ಹತ್ತಿರವೂ ಸಿಗುತ್ತವೆ.

ಈಗ ಒಂದೊಂದಾಗಿ

ಹನಿ ಕಿಟ್. ಸಣ್ಣ ಬಾಟಲಿಗೆ ಗೊಬ್ಬರದ ನೀರು ಹಾಕಿ, ಎರಡು ಮೂರು ಹನಿ ಬಿಟ್ಟು ಅಲ್ಲಾಡಿಸಿ, ಬಣ್ಣವನ್ನು ಚೀಟಿಯ ಜೊತೆ ಹೋಲಿಸುವುದು. ಬ್ಯಾಟರಿ ಬೇಡ, ಕ್ಯಾಲಿಬ್ರೇಷನ್ (ಗೊತ್ತಿರುವ ದ್ರಾವಣದಲ್ಲಿ ಅದ್ದಿ ಅಂಕಿ ಸರಿ ಹೊಂದಿಸುವುದು) ಬೇಡ, ಒಣಗಿ ಹಾಳಾಗುವ ಗಾಜೂ ಇಲ್ಲ. ಅರ್ಧ ಅಂಕಿಯಷ್ಟು ಮಾತ್ರ ಹೇಳಬಲ್ಲದು: ಹಳದಿ ಅಂದರೆ 6, ಸ್ವಲ್ಪ ಹಸಿರಾದರೆ 6.5. ಹತ್ತಿಪ್ಪತ್ತು ಗಿಡಗಳ ಪುಂಡಿ ಪಲ್ಯ, ಕೊತ್ತಂಬರಿ, ಪುದೀನಕ್ಕೆ ಇಷ್ಟು ಸಾಕೇ ಸಾಕು. ಕೊಳ್ಳುವಾಗ ಒಂದು ನೋಡಿಕೊಳ್ಳಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹಲವು ಕಿಟ್ 6.0ರಿಂದ ಶುರುವಾಗುತ್ತವೆ, ಅವು ಮೀನಿಗಾಗಿ ಮಾಡಿದವು. ನಮಗೆ 5.5 ಕಾಣಬೇಕು. ಚೀಟಿಯಲ್ಲಿ 4ರಿಂದ 8ರವರೆಗೆ ಬಣ್ಣ ಇದ್ದರೆ ತಗೊಳ್ಳಿ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಬಿಳಿ ಕಾಗದ ಹಿಂದಿಟ್ಟು ನೋಡಿ. ಟ್ಯೂಬ್‌ಲೈಟಿನ ಕೆಳಗೆ 6ಕ್ಕೂ 6.5ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಶಾಲೆಯ ಲಿಟ್ಮಸ್ ಕಾಗದ ಹುಳಿಯೋ ಕ್ಷಾರವೋ ಅಂತ ಹೇಳುತ್ತದೆ ಅಷ್ಟೇ, ಅದು ಇಲ್ಲಿ ಉಪಯೋಗಕ್ಕೆ ಬಾರದು.

ಅಗ್ಗದ ಎರಡು ಪೆನ್. ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿ. ಹಳದಿ ಬಣ್ಣದ ಪಿಎಚ್ ಪೆನ್ ಐನೂರರಿಂದ ಸಾವಿರದೊಳಗೆ, ಟಿಡಿಎಸ್ ಪೆನ್ ಇನ್ನೂರರಿಂದ ಐನೂರರೊಳಗೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಟಿಡಿಎಸ್ ಪೆನ್ ಗಟ್ಟಿ ಜೀವ. ತುದಿಯಲ್ಲಿರುವುದು ಎರಡು ಲೋಹದ ಕಡ್ಡಿ, ಒಣಗಿದರೂ ಏನೂ ಆಗುವುದಿಲ್ಲ. ಅಗ್ಗದ್ದರಲ್ಲಿ ಎಷ್ಟೋ ಪೆನ್ನುಗಳಿಗೆ ಕ್ಯಾಲಿಬ್ರೇಷನ್ ತಿರುಪೇ ಇರುವುದಿಲ್ಲ. ಪರವಾಗಿಲ್ಲ. 1413 ಅಂತ ಬರೆದ ಇಸಿ ದ್ರಾವಣದ ಪುಟ್ಟ ಬಾಟಲಿ ಸಿಗುತ್ತದೆ, ಅದು 25 ಡಿಗ್ರಿಯಲ್ಲಿ 1413 ಮೈಕ್ರೋಸೀಮೆನ್ಸ್, ಅಂದರೆ ಸುಮಾರು 1.4 ಮಿಲಿಸೀಮೆನ್ಸ್. 0.5 ಲೆಕ್ಕದ ಪೆನ್ ಅದರಲ್ಲಿ 706ರ ಆಸುಪಾಸು, 0.7 ಲೆಕ್ಕದ್ದು 989ರ ಆಸುಪಾಸು ತೋರಿಸಬೇಕು. ನಿಮ್ಮದು 706ರ ಬದಲು 670 ತೋರಿಸಿತು ಅನ್ನಿ. ಪೆನ್ನಿನ ಬೆನ್ನಿಗೆ ಟೇಪು ಅಂಟಿಸಿ "ಶೇಕಡ 5 ಸೇರಿಸು" ಅಂತ ಬರೆದಿಡಿ. ಕ್ಯಾಲಿಬ್ರೇಷನ್ ಮುಗಿಯಿತು! ಇಸಿಗೆ ಇದಕ್ಕಿಂತ ಜಾಸ್ತಿ ಖರ್ಚು ಮಾಡಬೇಕಾದ ಅಗತ್ಯ ಮನೆಮಟ್ಟದಲ್ಲಿ ನನಗೆ ಕಾಣುವುದಿಲ್ಲ.

ಪಿಎಚ್ ಪೆನ್ನಿನ ಕತೆಯೇ ಬೇರೆ. ಬಾಕ್ಸಿನಿಂದ ತೆಗೆದಾಗ ಗಾಜು ಒಣಗಿಯೇ ಇರುತ್ತದೆ. ಬಂದ ದಿನವೇ ಅದ್ದಿ ನೋಡಿ, ಅಂಕಿ ಕುಣಿಯುತ್ತದೆ ಅಂತ ವಾಪಸ್ ಕಳಿಸುವವರು ಬಹಳ. ಮೊದಲು ಸ್ಟೋರೇಜ್ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಬೇಕು. ಆಮೇಲೆ ಕ್ಯಾಲಿಬ್ರೇಷನ್. ಚೆನ್ನಾಗಿ ನೋಡಿಕೊಂಡರೆ ಒಂದು ವರ್ಷ ಬಾಳುತ್ತದೆ, ಒಣಗಿಸಿದರೆ ಒಂದು ಬೇಸಿಗೆಯೂ ದಾಟುವುದಿಲ್ಲ. ಗಾಜು ಸತ್ತರೆ ಪೆನ್ ಪೂರ್ತಿ ಕಸ, ಬದಲಿಸಲು ಬರುವುದಿಲ್ಲ.

ಎಲ್ಲ ಒಂದರಲ್ಲೇ ಇರುವ ಕಾಂಬೊ ಪೆನ್. ಪಿಎಚ್, ಇಸಿ, ಟಿಡಿಎಸ್, ಉಷ್ಣಾಂಶ ಎಲ್ಲ ಒಂದೇ ಕಡೆ, ಒಂದೂವರೆ ಸಾವಿರದಿಂದ ನಾಲ್ಕು ಸಾವಿರ. ಕೈಯಲ್ಲಿ ಒಂದೇ ಸಾಮಾನು, ಆಸೆ ಆಗುವುದು ಸಹಜ. ನಾನು ಮಾತ್ರ ಬೇಡ ಅನ್ನುತ್ತೇನೆ. ಬೇಗ ಹಾಳಾಗುವ ಪಿಎಚ್ ಗಾಜಿನ ಜೊತೆಗೆ ವರ್ಷಗಟ್ಟಲೆ ಬಾಳುವ ಇಸಿ ಕಡ್ಡಿಯನ್ನೂ ಎಸೆಯಬೇಕಾಗುತ್ತದೆ. ಇನ್ನೊಂದು ತೊಡಕೂ ಇದೆ. ಮುಚ್ಚಳದೊಳಗಿನ ಸ್ಟೋರೇಜ್ ದ್ರಾವಣ ಅಂದರೆ ಪೊಟ್ಯಾಸಿಯಂ ಕ್ಲೋರೈಡಿನ ಗಟ್ಟಿ ಉಪ್ಪುನೀರು. ಅದರ ಹನಿ ಕಡ್ಡಿಗೆ ಅಂಟಿಕೊಂಡಿದ್ದರೆ ಇಸಿ ಸುಮ್ಮನೆ ಏರಿ ತೋರಿಸುತ್ತದೆ. ಈಗಾಗಲೇ ಕಾಂಬೊ ಇದ್ದವರು ಪ್ರತಿ ಸಲ ಚೆನ್ನಾಗಿ ತೊಳೆದು ಆಮೇಲೆ ಅಳೆಯಿರಿ. ಎಲೆಕ್ಟ್ರೋಡ್ ಬಿಚ್ಚಿ ಬದಲಿಸಲು ಬರುವ ಕಾಂಬೊ ಆದರೆ ನನ್ನ ಆಕ್ಷೇಪ ಅರ್ಧಕ್ಕರ್ಧ ಕಡಿಮೆ.

ಎಲೆಕ್ಟ್ರೋಡ್ ಬದಲಿಸಬಹುದಾದ ಪಿಎಚ್ ಪೆನ್. ನಾಲ್ಕು ಸಾವಿರದಿಂದ ಹತ್ತು ಸಾವಿರದವರೆಗೆ. ನೇರವಾಗಿ ಹೇಳಬೇಕೆಂದರೆ ಇದರಿಂದ ದುಡ್ಡು ಉಳಿಯುವುದಿಲ್ಲ. ಏಳುನೂರರ ಹಳದಿ ಪೆನ್ ವರ್ಷಕ್ಕೊಂದರಂತೆ ಮೂರು ಕೊಂಡರೂ ಎರಡು ಸಾವಿರದ ಆಸುಪಾಸು. ಈ ಪೆನ್ನಿಗೆ ಅಷ್ಟು ವರ್ಷದಲ್ಲಿ ಒಂದು ಎಲೆಕ್ಟ್ರೋಡ್ ಬದಲಿಸಿದರೂ ಅದರ ಎರಡು ಪಟ್ಟಿಗಿಂತ ಜಾಸ್ತಿ. ನೀವು ಕೊಡುವುದು ನಂಬಿಕೆಗೆ. ಅಂಕಿ ಬೇಗ ನಿಲ್ಲುತ್ತದೆ, ಬೇಗ ಸರಿಯುವುದಿಲ್ಲ, ಇವುಗಳಲ್ಲಿ ಬಹಳಷ್ಟು ಪೆನ್‌ಗಳ ಒಳಗೆ ನೀರು ಹೋಗುವುದಿಲ್ಲ, ಎಲೆಕ್ಟ್ರೋಡ್ ಮುದಿಯಾದಾಗ ಕೆಲವು ತಾವೇ ಎಚ್ಚರಿಸುತ್ತವೆ. ಹೋಟೆಲಿಗೆ, ಅಂಗಡಿಗೆ ಸೊಪ್ಪು ಕೊಡುತ್ತೇನೆ ಅಂತ ಮಾತು ಕೊಟ್ಟವರಿಗೆ ಇದು ಬೇಕು. ಒಂದು ಬ್ಯಾಚ್ ಕೆಟ್ಟರೆ ಪೆನ್ನಿನ ದುಡ್ಡು ಹೋದ ಹಾಗೆಯೇ. ಕೊಳ್ಳುವ ಮುಂಚೆ ಅದರ ಬದಲಿ ಎಲೆಕ್ಟ್ರೋಡ್ ಇವತ್ತು ಆನ್‌ಲೈನ್‌ನಲ್ಲಿ ಸಿಗುತ್ತಿದೆಯೇ, ಬೆಲೆ ಎಷ್ಟು ನೋಡಿ. ಸಿಗದಿದ್ದರೆ ಅದು ದುಬಾರಿ ಹಳದಿ ಪೆನ್ ಅಷ್ಟೇ.

ಲ್ಯಾಬ್ ಮಾದರಿಯ ಮೀಟರ್. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೇಜಿನ ಮೇಲೆ ಕೂತಿರುತ್ತದಲ್ಲ, ಅದು. ಉದ್ದ ವೈರಿನ ತುದಿಗೆ ಗಾಜಿನ ಎಲೆಕ್ಟ್ರೋಡ್, ಅದರ ಪ್ಲಗ್ ಬಿಎನ್‌ಸಿ ಅನ್ನುವ ಸಾಮಾನ್ಯ ಜೋಡಣೆ. ಇದರ ದೊಡ್ಡ ಗುಣ ಇದೇ: ಒಂದೇ ಕಂಪನಿಗೆ ಜೋತು ಬೀಳಬೇಕಿಲ್ಲ, ಆ ಪ್ಲಗ್ ಇರುವ ಯಾವ ಕಂಪನಿಯ ಪಿಎಚ್ ಎಲೆಕ್ಟ್ರೋಡೂ ಸಾಮಾನ್ಯವಾಗಿ ಹೊಂದುತ್ತದೆ. ಕೆಲವು ಎಲೆಕ್ಟ್ರೋಡಿಗೆ ಮೇಲಿನ ತೂತಿನಿಂದ ಒಳದ್ರಾವಣ ತುಂಬಿಸಿ ಇನ್ನಷ್ಟು ದಿನ ಓಡಿಸಬಹುದು. ತೊಂದರೆ ಏನೆಂದರೆ ಟ್ಯಾಂಕಿನ ಹತ್ತಿರ ಒಯ್ಯಲು ಆಗದು, ಲೋಟದಲ್ಲಿ ನೀರು ಹಿಡಿದು ತರಬೇಕು. ಧೂಳು, ಬಿಸಿಲು ಇಲ್ಲದ ಒಂದು ಕೋಣೆ ಬೇಕು.

ಒಬ್ಬೊಬ್ಬರೇ ಕೊಂಡರೆ ಇದು ಭಾರ. ಬೀದರಿನಲ್ಲೋ ಕಲಬುರಗಿಯಲ್ಲೋ ನಾಲ್ಕೈದು ಜನ ಬೆಳೆಗಾರರು ಪರಸ್ಪರ ಪರಿಚಯ ಇದ್ದರೆ ಲೆಕ್ಕವೇ ಬೇರೆ. ಎಲ್ಲರ ಹತ್ತಿರ ಒಂದೊಂದು ಹಳದಿ ಪೆನ್, ಎಲ್ಲರ ಮಧ್ಯೆ ಒಂದು ಲ್ಯಾಬ್ ಮೀಟರ್. ತಿಂಗಳಿಗೊಮ್ಮೆ ಪೆನ್ ತಂದು ಅದರ ಮುಂದೆ ಹಿಡಿದು ನೋಡುವುದು. ಖರ್ಚೂ ಕಡಿಮೆ, ಬಫರ್ ಬಾಟಲಿಯೂ ಹಳತಾಗುವ ಮುಂಚೆ ಖಾಲಿಯಾಗುತ್ತದೆ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಜಾಣತನದ ಏರ್ಪಾಡು ಇದೇ.

ಗೋಡೆಗೆ ಹಾಕಿ ಇಡೀ ದಿನ ತೋರಿಸುವ ಮಾನಿಟರ್‌ಗಳೂ ಇವೆ. ಪಾಲಿಹೌಸ್ ಮಾಡಿ, ತಾನೇ ಗೊಬ್ಬರ ಹಾಕುವ ಪಂಪ್ ಇಟ್ಟವರಿಗೆ ಮಾತ್ರ. ಇವಕ್ಕೂ ಕ್ಯಾಲಿಬ್ರೇಷನ್ ತಪ್ಪಿದ್ದಲ್ಲ. ಸುಳ್ಳು ಅಂಕಿ ನಂಬಿ ಪಂಪ್ ತಾನೇ ಆಸಿಡ್ ಸುರಿದರೆ ಏನಾಗುತ್ತದೆ ಅಂತ ಯೋಚಿಸಿ. ಇಸಿಗೆ ಮಾತ್ರ ಸಾಕು ಅನ್ನುವ ದೊಡ್ಡ ಬೆಳೆಗಾರರಿಗೆ ಬ್ಲೂಲ್ಯಾಬ್ ಕಂಪನಿಯ ಟ್ರಂಚನ್ ಅನ್ನುವ ಉದ್ದ ಕೋಲಿದೆ. ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ, ನಾವು ಕ್ಯಾಲಿಬ್ರೇಟ್ ಮಾಡುವಂತಿಲ್ಲ, ತುದಿ ಸ್ವಚ್ಛ ಇಟ್ಟರೆ ಆಯ್ತು. ಬೆಲೆ ಮಾತ್ರ ಕೇಳಿಯೇ ಕೂತುಕೊಳ್ಳಬೇಕು.

ಕ್ಯಾಲಿಬ್ರೇಷನ್: ಎಲ್ಲಿ ಎಡವುತ್ತೇವೆ

ಯಾವ ಪಿಎಚ್ ಮೀಟರ್ ಕೊಂಡರೂ ಈ ಕೆಲಸ ಒಂದೇ. ಇದನ್ನು ಓದಿ "ನನ್ನಿಂದ ಆಗಲ್ಲ" ಅನಿಸಿದರೆ ಹನಿ ಕಿಟ್ ಕಡೆ ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ.

ಬೆಳಗ್ಗೆ ಮಾಡಿ, ಮನೆಯೊಳಗೆ. ಮೂರು ಸಣ್ಣ ಲೋಟ ತಗೊಳ್ಳಿ. ಒಂದರಲ್ಲಿ 6.86 ಬಫರ್, ಒಂದರಲ್ಲಿ 4.01, ಇನ್ನೊಂದರಲ್ಲಿ ತೊಳೆಯಲು ಡಿಸ್ಟಿಲ್ಡ್ ನೀರು. ಈ ನೀರನ್ನು ಹುಡುಕಿ ಅಲೆಯಬೇಡಿ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರು ಅದೇ. ಟಿಡಿಎಸ್ ಪೆನ್ ಅದ್ದಿದರೆ ಸೊನ್ನೆಯ ಹತ್ತಿರ ತೋರಿಸಬೇಕು. ಬ್ಯಾಟರಿ ಆಸಿಡ್ ಬೇರೆ, ಕೇಳಿ ತಗೊಳ್ಳಿ.

ಪೆನ್ನಿನ ತುದಿ ತೊಳೆದು, ಕೊಡವಿ, ಟಿಶ್ಯೂ ಕಾಗದಕ್ಕೆ ಮೆಲ್ಲಗೆ ಮುಟ್ಟಿಸಿ. ಒರೆಸಬಾರದು, ಗಾಜಿಗೆ ಗೀರು ಬೀಳುತ್ತದೆ. 6.86ರಲ್ಲಿ ಅದ್ದಿ ಒಂದೆರಡು ಸಲ ತಿರುಗಿಸಿ ಬಿಟ್ಟುಬಿಡಿ. ಅಂಕಿ 6.5, 6.7, 6.8 ಅಂತ ಹತ್ತುತ್ತಾ ಹೋಗಿ ನಿಧಾನವಾಗಿ ನಿಲ್ಲುತ್ತದೆ. ನಿಂತ ಮೇಲೆ ಬಟನ್ ಒತ್ತಿ, ಅವಸರ ಬೇಡ. ತೊಳೆದು 4.01ಕ್ಕೆ ಹಾಕಿ, ಮತ್ತೆ ಅದೇ. ಕೊನೆಗೆ ಇನ್ನೊಮ್ಮೆ 6.86ರಲ್ಲಿ ಅದ್ದಿ ನೋಡಿ, ಸರಿಯಾಗಿ ಬಂದರೆ ಮುಗಿಯಿತು. ಪೆನ್ನಿನ ಜೊತೆ ಬರುವ ಮೂರನೆಯ ಪುಡಿ 9.18 ನಮಗೆ ಬೇಡವೇ ಬೇಡ, ನಾವು ಆ ಕಡೆ ಹೋಗುವುದೇ ಇಲ್ಲ. ಬಳಸಿದ ಬಫರನ್ನು ಬಾಟಲಿಗೆ ವಾಪಸ್ ಸುರಿಯಬೇಡಿ.

ಈಗ ಬಹಳ ಜನರನ್ನು ಕೆಡವುವ ಗುಂಡಿ. ಆನ್‌ಲೈನ್ ಹಳದಿ ಪೆನ್ನುಗಳಲ್ಲಿ ಹೆಚ್ಚಿನವು 6.86ನ್ನು ನಿರೀಕ್ಷಿಸುತ್ತವೆ. ಲ್ಯಾಬ್ ಅಂಗಡಿಯಲ್ಲಿ ಸಿಗುವ ಬಫರ್ ಕ್ಯಾಪ್ಸೂಲ್ ಸಾಮಾನ್ಯವಾಗಿ 4.0, 7.0, 9.2. ನೀವು 7.0 ಕರಗಿಸಿ ಅದ್ದಿದಿರಿ, ಪೆನ್ ಅದನ್ನೇ 6.86 ಅಂದುಕೊಂಡಿತು. ಅವತ್ತಿನಿಂದ ನಿಮ್ಮ ಅಳತೆ 0.14 ತಪ್ಪು, ಅದೂ ಕ್ಯಾಲಿಬ್ರೇಟ್ ಮಾಡಿದ ಭರವಸೆಯ ಜೊತೆಗೆ! ಪೆನ್ನಿನ ಚೀಟಿಯಲ್ಲಿ ಯಾವ ಅಂಕಿ ಇದೆ ಅಂತ ನೋಡಿ, ಅದಕ್ಕೆ ತಕ್ಕ ಬಫರ್ ತನ್ನಿ. ಕೆಲವು ಪೆನ್‌ಗಳಲ್ಲಿ ಎರಡೂ ಆಯ್ಕೆ ಇರುತ್ತವೆ, ಒಂದನ್ನು ಆರಿಸಿಡಿ.

ಗಾಜು ಬದುಕಿದೆಯೇ ಸತ್ತಿದೆಯೇ ಅಂತ ತಿಳಿಯಲು ಒಂದು ಲೆಕ್ಕ. 6.86ಕ್ಕೆ ಮಾತ್ರ ಹೊಂದಿಸಿ, 4.01ರಲ್ಲಿ ಅದ್ದಿ ನೋಡಿ, ಬಟನ್ ಒತ್ತಬೇಡಿ. 4.1 ಬಂದರೆ ಗಾಜು ಗಟ್ಟಿಯಾಗಿದೆ. 4.5 ಬಂತು ಅನ್ನಿ: 2.85ರಷ್ಟು ಇಳಿಯಬೇಕಿದ್ದದ್ದು 2.36 ಇಳಿಯಿತು, ಶೇಕಡ 83. ಶೇಕಡ 95ರ ಮೇಲಿದ್ದರೆ ಒಳ್ಳೆಯದು, 85ರ ಕೆಳಗೆ ಹೋದರೆ ತೊಳೆದು ನೋಡಿ, ಆಗಲೂ ಏರದಿದ್ದರೆ ಹೊಸದು ತನ್ನಿ. ಅಂಕಿ ನಿಲ್ಲಲು ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿದರೂ ಮುಪ್ಪಿನ ಲಕ್ಷಣವೇ. ಆರ್‌ಒ ನೀರಿನಲ್ಲಿ ಅಂಕಿ ನಿಲ್ಲುತ್ತಿಲ್ಲ ಅಂತ ಮಾತ್ರ ಪೆನ್ನನ್ನು ಬೈಯಬೇಡಿ. ಲವಣವೇ ಇಲ್ಲದ ನೀರಿನಲ್ಲಿ ಒಳ್ಳೆ ಮೀಟರೂ ತೂರಾಡುತ್ತದೆ. ಗೊಬ್ಬರ ಹಾಕಿದ ಮೇಲೆ ಅಳೆಯಿರಿ.

ಎಷ್ಟು ದಿನಕ್ಕೊಮ್ಮೆ? ಹಳದಿ ಪೆನ್ ಆದರೆ ವಾರಕ್ಕೊಮ್ಮೆ 6.86ರಲ್ಲಿ ಅದ್ದಿ ನೋಡಿ, 0.1ಕ್ಕಿಂತ ಹೆಚ್ಚು ಸರಿದಿದ್ದರೆ ಮಾತ್ರ ಕ್ಯಾಲಿಬ್ರೇಟ್ ಮಾಡಿ. ಒಳ್ಳೆ ಪೆನ್ನಿಗೆ ಎರಡು ಮೂರು ವಾರ. ಇಸಿಗೆ ತಿಂಗಳಿಗೊಮ್ಮೆ ನೋಡಿದರೆ ಸಾಕು. 1413 ದ್ರಾವಣ ಮುಗಿದಿದ್ದರೆ ತಾತ್ಕಾಲಿಕಕ್ಕೆ ಅಡುಗೆಮನೆಯ ಉಪ್ಪು ಸಾಕು. ಒಣ ಪುಡಿ ಉಪ್ಪು 10 ಗ್ರಾಂ ಒಂದು ಲೀಟರ್ ಬ್ಯಾಟರಿ ನೀರಿನಲ್ಲಿ ಕರಗಿಸಿ. ಅದರಲ್ಲಿ 100 ಮಿಲಿ ತೆಗೆದು ಮತ್ತೆ ಒಂದು ಲೀಟರ್ ಮಾಡಿ. ಸುಮಾರು 2 ಮಿಲಿಸೀಮೆನ್ಸ್ ಬರುತ್ತದೆ, 0.5 ಲೆಕ್ಕದ ಪೆನ್ನಿನಲ್ಲಿ ಸಾವಿರದ ಹತ್ತಿರ. ಹೊಂದಿಸಲು ಇದು ಸಾಲದು, ಪೆನ್ ತೀರಾ ದಾರಿ ತಪ್ಪಿದೆಯೇ ತಿಳಿಯಲು ಸಾಕು. ಪಿಎಚ್‌ಗೆ ಇಂಥ ಅಡುಗೆಮನೆಯ ದಾರಿ ಇಲ್ಲ. ನಿಂಬೆಹಣ್ಣು, ಸೋಡಾ ಅಂತ ವಿಡಿಯೊ ನೋಡಿ ಹೊಂದಿಸಬೇಡಿ.

ತೊಳೆಯುವುದು, ಇಡುವುದು

ಬಿಳಿ ಪದರ ಕಟ್ಟಿದ್ದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಹದಿನೈದು ನಿಮಿಷ ನೆನೆಸಿ. ಪಾಚಿ, ಲೋಳೆ ಇದ್ದರೆ ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ, ಮೆತ್ತನೆಯ ಬ್ರಷ್. ಆಮೇಲೆ ಪಿಎಚ್ ಪೆನ್ನನ್ನು ಒಂದೆರಡು ಗಂಟೆ ಸ್ಟೋರೇಜ್ ದ್ರಾವಣದಲ್ಲಿಟ್ಟು, ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ. ಇಸಿ ಕಡ್ಡಿಗೂ ಇದೇ ಶುಚಿ ಸಾಕು, ನೆನೆಸಿಡುವ ಕೆಲಸವಿಲ್ಲ.

ಸ್ಟೋರೇಜ್ ದ್ರಾವಣ ತಯಾರಾಗಿಯೇ ಸಿಗುತ್ತದೆ. ಮಾಡಿಕೊಳ್ಳುವವರು ಲ್ಯಾಬ್ ದರ್ಜೆಯ ಪೊಟ್ಯಾಸಿಯಂ ಕ್ಲೋರೈಡ್ 22.4 ಗ್ರಾಂ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿ ಮಾಡಿ. ಗೊಬ್ಬರದಂಗಡಿಯ ಕೆಂಪು ಪೊಟ್ಯಾಷ್ ಬೇಡ. ಏನೂ ಸಿಗದ ದಿನ 4.01 ಬಫರಿನ ಕೆಲವು ಹನಿ ಮುಚ್ಚಳಕ್ಕೆ ಹಾಕಿ. ಆರ್‌ಒ ಅಥವಾ ಬ್ಯಾಟರಿ ನೀರಿನಲ್ಲಿ ಮಾತ್ರ ಇಡಬಾರದು. "ಶುದ್ಧ ನೀರಲ್ವಾ, ಒಳ್ಳೇದೇ" ಅಂತ ಅನಿಸುತ್ತದೆ, ಆದರೆ ಅದು ಎಲೆಕ್ಟ್ರೋಡಿನ ಒಳಗಿನ ಲವಣವನ್ನು ಹೊರಗೆಳೆದು ಬೇಗ ಮುದಿ ಮಾಡುತ್ತದೆ. ಬೇಸಿಗೆಯಲ್ಲಿ ಮುಚ್ಚಳದ ಸ್ಪಂಜು ವಾರದೊಳಗೇ ಒಣಗಬಹುದು. ತಗಡಿನ ಶೆಡ್ಡು, ಕಾರಿನ ಡ್ಯಾಶ್‌ಬೋರ್ಡ್ ಎರಡೂ ಇದಕ್ಕೆ ಜಾಗವಲ್ಲ, ಬಿಸಿಗೆ ಪರದೆ ಕಪ್ಪಾಗುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಬಟನ್ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ತಂತಿ ತಿನ್ನುತ್ತದೆ.

ನಿಮ್ಮ ಜೇಬಿಗೆ ಯಾವುದು

ಛತ್ತಿನ ಮೇಲೆ ಮನೆಗಷ್ಟೇ ಬೆಳೆಯುವವರು ಟಿಡಿಎಸ್ ಪೆನ್, ಹನಿ ಕಿಟ್ ಎರಡನ್ನೂ ಸೇರಿಸಿ ಐನೂರು-ಆರುನೂರರಲ್ಲಿ ಮುಗಿಸಬಹುದು. ಬೋರಿನ ನೀರು, ದಿನಾ ಪಿಎಚ್ ನೋಡಬೇಕು, ಗಾಜನ್ನು ಒದ್ದೆ ಇಡುತ್ತೇನೆ ಅನ್ನುವವರು ಹಳದಿ ಪೆನ್ ಕೊಂಡು, ಉಳಿದ ದುಡ್ಡಲ್ಲಿ 6.86, 4.01 ಬಫರ್, ಒಂದು ಬಾಟಲಿ ಸ್ಟೋರೇಜ್ ದ್ರಾವಣ ತನ್ನಿ. ಪೆನ್ನಿಗಿಂತ ಈ ಬಾಟಲಿಗಳಿಗೇ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಆ ಹಳದಿ ಪೆನ್ನಿನ ಪಕ್ಕದಲ್ಲಿ ಹನಿ ಕಿಟ್ಟನ್ನೂ ಇಟ್ಟುಕೊಳ್ಳಿ. ಎರಡರ ನಡುವೆ ಒಂದು ಅಂಕಿಯಷ್ಟು ಜಗಳ ಬಂದರೆ ಪೆನ್ನನ್ನು ಮೊದಲು ಅನುಮಾನಿಸಿ. ಮಾರಾಟಕ್ಕೆ ಬೆಳೆಯುವವರು ಎಲೆಕ್ಟ್ರೋಡ್ ಬದಲಿಸುವ ಪೆನ್ ಅಥವಾ ಜೊತೆಗಾರರು ಸೇರಿ ಲ್ಯಾಬ್ ಮೀಟರ್. ಇಸಿಗೆ ಎಲ್ಲರೂ ಅಗ್ಗದ ಪೆನ್ನೇ, ಎಟಿಸಿ ಇದ್ದರೆ ಆಯ್ತು.

ಮೇವಿನವರ ವಿಷಯ. ಟ್ರೇಗಳಲ್ಲಿ ಜೋಳ, ಮೆಕ್ಕೆಜೋಳ ಮೊಳಕೆ ಹಾಕಿ ಒಂದು ವಾರದ ಸುಮಾರಿಗೆ ಹಸುವಿನ ಮುಂದೆ ಇಡುವ ಪದ್ಧತಿಗೆ ಸಾಮಾನ್ಯವಾಗಿ ಬರೀ ನೀರು ಸಾಕು, ಕಾಳಿನಲ್ಲಿರುವ ಸತ್ವದಿಂದಲೇ ಮೊಳಕೆ ಬೆಳೆಯುತ್ತದೆ. ಪಿಎಚ್ ಪೆನ್ ಬೇಕಾಗಿಲ್ಲ. ಬೋರಿನ ನೀರು ತೀರಾ ಸವಳಾಗಿದೆಯೇ ತಿಳಿಯಲು ಒಂದು ಟಿಡಿಎಸ್ ಪೆನ್ ಇಟ್ಟುಕೊಳ್ಳಿ, ಪಿಎಚ್ ಪೆನ್ನಿನ ದುಡ್ಡನ್ನು ಒಳ್ಳೆ ಬೀಜಕ್ಕೆ, ಬೂಷ್ಟು ಹಿಡಿಯದಂತೆ ಟ್ರೇ ತೊಳೆಯುವುದಕ್ಕೆ ಹಾಕಿ.

ಯಾವುದೇ ಪಿಎಚ್ ಪೆನ್ ಅಥವಾ ಎಲೆಕ್ಟ್ರೋಡ್ ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಗಾಜು ಬಳಸದಿದ್ದರೂ ಮುದಿಯಾಗುತ್ತದೆ. ಎರಡು ವರ್ಷ ಅಂಗಡಿಯಲ್ಲಿ ಕೂತದ್ದು ಹೊಸ ಡಬ್ಬಿಯಲ್ಲಿದ್ದರೂ ಅರ್ಧ ಆಯಸ್ಸು ಮುಗಿಸಿ ಬಂದಿರುತ್ತದೆ. ಒಟ್ಟಿಗೆ ಎರಡು ಕೊಂಡರೆ ರಿಯಾಯಿತಿ ಅಂತ ಆಸೆ ತೋರಿಸಿದರೂ ಒಂದೇ ತನ್ನಿ. ತಂದ ದಿನವೇ ನೆನೆಸಿ, ಮರುದಿನ ಎರಡೂ ಬಫರಿನಲ್ಲಿ ಅದ್ದಿ ನೋಡಿ. ಸರಿಯಿಲ್ಲದಿದ್ದರೆ ವಾಪಸ್ ಕಳಿಸುವ ಗಡುವು ಮುಗಿಯುವುದರೊಳಗೆ ಕಳಿಸಿ.